ಆಚೆ ಕಟ್ಟೆಯ ಕಲ್ಲುಗಳು

ಸುಲೇಪೇಟ, ೧೯೫೩

ಮಜೀದ,

ಕಳಿಸಲು ನಿನ್ನ ವಿಳಾಸವಿಲ್ಲ, ಆದರೂ ಇವತ್ತಿನದನ್ನು ನಿನಗೇ ಹೇಳಬೇಕು. ಚಿಂಚೋಳಿ ಘಟ್ಟದ ಹಳೇ ದಾರಿಯ ಚರಿತ್ರೆ ಬರೆಯುತ್ತೇವೆಂದು ನಾವಿಬ್ಬರೂ ಕುಣಿದಿದ್ದೆವಲ್ಲ, ಅದಕ್ಕಾಗಿ ಸೂಗಪ್ಪಜ್ಜನ ಜೊತೆ ಹೋಗಿದ್ದೆ. ಪ್ರಾಯದಲ್ಲಿ ಅವನು ಆ ದಾರಿಯಲ್ಲಿ ಎತ್ತಿನ ಮೇಲೆ ಉಪ್ಪು ಹೇರಿಕೊಂಡು ಹೋದವನು.

ಘಟ್ಟದ ಬುಡದಲ್ಲಿ ಒಂದು ಕಟ್ಟೆ ಇದೆ. "ಹೋಗೋರು ಇಲ್ಲೊಂದು ಕಲ್ಲು ಇಡತಿದ್ರು. ಸುಖವಾಗಿ ದಾಟಿದ್ರ ಆಚಿ ಕಟ್ಟಿ ಮ್ಯಾಲ ಇನ್ನೊಂದು. ಹಿಂದ ಬರೋರಿಗೆ ಗೊತ್ತಾಗಲಿ ಅಂತ," ಎಂದ ಅಜ್ಜ.

ನಾನು ಖುಷಿಯಿಂದ ಬರೆದುಕೊಳ್ಳುತ್ತಿದ್ದೆ. ಆಗ ಮೂಲೆಯಲ್ಲಿ ನಾಲ್ಕು ಕಲ್ಲು ಕಂಡವು. ನಾಲ್ಕರ ಮೇಲೂ ನೀನು ಪಾಟಿಯ ಹಿಂದೆ ಕೊರೆಯುತ್ತಿದ್ದ ಅದೇ ಉರ್ದು ಮೀಮ್, ನಿನ್ನ ಹೆಸರಿನ ಮೊದಲ ಅಕ್ಷರ. ನೀನು, ಅಬ್ಬಾ, ಅಮ್ಮಿ, ಪುಟ್ಟ ತಂಗಿ ಅಖ್ತರ. ಐದು ವರ್ಷದ ಹಿಂದೆ ನಿಜಾಮನ ರಾಜ್ಯ ಬಿದ್ದಾಗಿನ ಆ ಗಲಾಟೆಯಲ್ಲಿ, ನೀವು ಊರು ಬಿಡುವಾಗ, "ದೊಡ್ಡ ಸಡಕ್ ಬ್ಯಾಡ, ಹಳೇ ದಾರಿ ಹಿಡೀರಿ, ಅಲ್ಲಿ ಯಾರೂ ಇರೂದಿಲ್ಲ" ಎಂದವನು ನಾನೇ.

"ಆಚಿ ಕಟ್ಟಿ ಎರಡ ಮೈಲು. ಹೊತ್ತು ಇನ್ನಾ ಐತಿ. ನಡಿ, ನೋಡಿ ಬರೂಣು," ಎಂದ ಅಜ್ಜ.

ನಾನು ಬರೆಯುತ್ತಿದ್ದ ಪುಸ್ತಕ ಮುಚ್ಚಿದೆ. "ಕಾಲು ನೋಯಾಕತ್ತಾವಜ್ಜಾ."

"ಎಪ್ಪತ್ತರವ ನಾ ಹತ್ತತೀನಿ, ಇಪ್ಪತ್ತರವ ನಿನಗ ಕಾಲು ನೋವಾ?" ಎಂದು ನಕ್ಕ. ಆಮೇಲೆ ನನ್ನ ಮುಖ ನೋಡಿ ಊರಿನ ಕಡೆ ತಿರುಗಿದ. ಇಬ್ಬರೂ ಹಿಂದಿರುಗಿದೆವು.

ನಿಮ್ಮ ಕಲ್ಲು ಸಿಕ್ಕಿದ್ದನ್ನು ಅವ್ವನಿಗೆ ಹೇಳಿದೆ. ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿದಳು.

"ಆಚಿ ಕಟ್ಟಿ ಮ್ಯಾಲೂ ನಾಕು ಇದ್ದವಾ?"

ಇದ್ದವು ಎಂದೆ.