ಜೇನಿಗೆ ನಾಲ್ಕು ರೆಕ್ಕೆ

ಲೋ ತಿಮ್ಮರಾಯ,

ನೀನು ತೀರಿಕೊಂಡು ಎರಡು ವರ್ಷವಾಯಿತು. ಆದರೂ ಹೇಳುತ್ತೇನೆ, ಕೇಳು. ಇವತ್ತು ಜೇನುಹುಳದ ದಿನವಂತೆ. ನಗಬೇಡ. ಮೊಮ್ಮಗಳು ಪವಿತ್ರ ಈ ರಜೆಯಲ್ಲಿ ಯಾರೂ ಕೇಳದ ದಿನಗಳನ್ನೆಲ್ಲ ಹುಡುಕಿ ಹಬ್ಬ ಮಾಡುತ್ತಿದ್ದಾಳೆ.

ತೆಂಗಿನ ಚಿಪ್ಪಿಗೆ ಹಳದಿ ಬಳಿದು, ಕಪ್ಪು ಉಲ್ಲನ್ ಸುತ್ತಿ, ರಟ್ಟಿಗೆ ಅಂಟಿಸಿದಳು. ಅಡಿಯಲ್ಲಿ, ಶಾಲೆಯಲ್ಲಿ ಕಲಿತ ತಮಿಳಿನಲ್ಲಿ ‘ತೇನೀ’, ಅಂದರೆ ಜೇನುಹುಳ, ಎಂದು ಬರೆದಳು. ಚೆನ್ನಾಗಿಯೇ ಇತ್ತು. ಆದರೆ ಕಾಗದದ ರೆಕ್ಕೆ ಎರಡೇ ಇಟ್ಟಳು. ನನಗೆ ರೇಗಿತು.

“ನಾಲ್ಕು ಕಣೇ! ಅದೇನು ಕಾಗೆನಾ?”

“ತಾತ, ನೀನು ಓದಿರೋದೇ ಮೂರ್ನೇ ಕ್ಲಾಸು. ಯಾರು ಹೇಳಿದ್ದು ನಿಂಗೆ?”

“ನಂಗೊತ್ತು, ಅಂಟ್ಸು.”

ಫೋನಿನಲ್ಲಿ ನೋಡಿದಳು. ನಾಲ್ಕೇ. ಇನ್ನೆರಡು ರೆಕ್ಕೆಗೆ ಕಾಗದ ಎತ್ತಿಕೊಂಡಳು. ಅಂಗೈ ಮೇಲೆ ಹುಳ ಇಟ್ಟು, ರೆಕ್ಕೆ ಬಿಡಿಸಿ ನನಗೆ ತೋರಿಸಿದ್ದು ನೀನು.

ಕಾಗದ ಕಿತ್ತೆಸೆದು, ಜೇನು ಬಿಡಿಸುವಾಗ ನೀನು ಹಾಕಿಕೊಳ್ಳುತ್ತಿದ್ದ ಮುಖದ ಬಲೆಯಿಂದ ನಾನೇ ನಾಲ್ಕು ರೆಕ್ಕೆ ಕತ್ತರಿಸಿಕೊಟ್ಟೆ. ನಿನ್ನ ಜೇನುಪೆಟ್ಟಿಗೆಗಳಿಂದ ಸತ್ತ ಹುಳಗಳನ್ನು ಬಳಿದು ಸುರಿದ ದಿನ ನನ್ನ ಬೇಲಿಯ ಮೇಲೆ ಎಸೆದುಹೋದೆಯಲ್ಲ, ಅದೇ ಬಲೆ. “ಅವರೆ ಹೂವಾಗೈತೆ, ಬೆಳಗ್ಗೆ ಹುಳ ಬರ್ತವೆ, ಔಷಧಿ ಹೊಡೀಬೇಡ್ಲಾ, ಸಂಜೆ ಹೊಡಿ” ಅಂತ ನೀನು ಅಂದಿದ್ದೆ. “ನನ್ ಹೊಲ, ನೀನ್ಯಾವನ್ಲಾ ಹೇಳಾಕೆ?” ಅಂದು ನಾನು ಬೆಳಗ್ಗೆಯೇ ಹೊಡೆದೆ. ಆಮೇಲೆ ನಾವು ಮಾತಾಡಲಿಲ್ಲ.

“ಬಲೆ ಯಾರ್ದು ತಾತ?” ಅಂದಳು.

“ಗೋಂದು ಒಣಗ್ಲಿ, ಮುಟ್ಬೇಡ” ಅಂದೆ.

ಉಳಿದ ಬಲೆಯನ್ನು ಮತ್ತೆ ಮೊಳೆಗೇ ನೇತುಹಾಕಿದ್ದೇನೆ. ಇನ್ನು ಹೊರಡಬೇಕು. ಸೌತೆ ಹೂ ಬಿಟ್ಟಿದೆ, ಔಷಧಿ ಹೊಡೆಯುವುದಿದೆ. ಸಂಜೆಯಾಗಲಿ ಎಂದು ಬೆಳಗ್ಗೆಯಿಂದ ಕಾದಿದ್ದೇನೆ.