ತದಡಿಯ ವರ್ಗ ನಿಂತ ಕಾರಣ

ಕುಮಟಾ, ೧೯-೧೧-೧೯೬೬, ಶನಿವಾರ

ನಾನೇ ಬರೆದ ಒಂದು ವಾಕ್ಯ ಬೆಳಗಿನಿಂದ ಕಾಡುತ್ತಿದೆ. ನಮ್ಮ ಕನ್ಯಾಶಾಲೆಯ ಹಳೆಯ ವಿದ್ಯಾರ್ಥಿನಿಯರ ಸಂಘಕ್ಕೆ ಹತ್ತು ವರ್ಷ ತುಂಬಿತು. ನಾಳೆಯ ಸಭೆಯಲ್ಲಿ ಅದರ ಇತಿಹಾಸ ಓದುವವಳು ನಾನು. ಹೊಲಿಗೆ ವರ್ಗ, ಬಾಣಂತಿಯರಿಗೆ ಕೊಟ್ಟ ಹಾಲಿನ ಪುಡಿ, ಎಲ್ಲ ಬರೆದಾಗಿದೆ. ಮೀನುಗಾರರ ಊರು ತದಡಿಯಲ್ಲಿ ನಾನು ನಡೆಸಿದ ಅಕ್ಷರ ವರ್ಗದ ಬಗ್ಗೆ ಮಾತ್ರ, 'ಅಲ್ಲಿಯ ಹೆಂಗಸರಿಗೆ ಕಲಿಯುವ ಆಸೆ ಇರಲಿಲ್ಲ, ಎರಡೇ ತಿಂಗಳಲ್ಲಿ ನಿಂತಿತು' ಎಂದು ಬರೆದಿದ್ದೆ.

ಇವತ್ತು ಮೀನುಪೇಟೆಯಲ್ಲಿ ಆ ವರ್ಗಕ್ಕೆ ಬರುತ್ತಿದ್ದ ಗಣಪಿ ಸಿಕ್ಕಳು. ಯಾಕೆ ಬಿಟ್ಟೆ ಎಂದು ಕೇಳಿದೆ. ಬುಟ್ಟಿ ಇಳಿಸಿ ನನ್ನನ್ನೇ ನೋಡಿದಳು.

"ಆಸೆ ಇತ್ತು ಅಕ್ಕೋರೆ. ನೀವು ಗಂಡನ ಹೆಸರು ಬರೆದು ಎಲ್ಲರ ಎದುರು ಓದಿ ಅಂದ್ರಿ. ಅದನ್ನ ಬಾಯಲ್ಲಿ ಹ್ಯಾಂಗೆ ಹೇಳೂದು? ಮರುದಿನ ಯಾರೂ ಬರಲಿಲ್ಲ, ಆತು."

ಹೆಸರು ಹೇಳಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆಂಬ ಮೂಢನಂಬಿಕೆ ಬಿಡಿಸಬೇಕೆಂದೇ ಆ ಪಾಠ ಇಟ್ಟವಳು ನಾನು. ಅವರ ಗಂಡಂದಿರೆಲ್ಲ ಆ ಹೊತ್ತಿಗೆ ಕಡಲಲ್ಲಿದ್ದರು. ಅದು ನನಗೆ ಹೊಳೆಯಲೇ ಇಲ್ಲ.

ವಾಕ್ಯ ಹೊಡೆದುಹಾಕಿದೆ. ಅದರ ಜಾಗದಲ್ಲಿ ಏನು ಬರೆಯಲಿ? ಒಳಗಿನಿಂದ ಇವರು, "ದೀಪ ಆರಿಸೂದಿಲ್ವೇನೆ?" ಎಂದರು. ನಾನು ಈ ದಿನಚರಿಯ ಹಳೆಯ ಪುಟಗಳನ್ನು ತಿರುವುತ್ತ ಕೂತೆ. ಮದುವೆಯಾದಾಗಿನಿಂದ ಎಲ್ಲ ಕಡೆಯೂ 'ಇವರು'. ಯಾರೂ ಓದದ ಪುಸ್ತಕದಲ್ಲೂ 'ಇವರು'.

ಇವತ್ತು ಬರೆದೇ ಮಲಗಬೇಕು. ಇವರ ಹೆಸರು