ಸುಳ್ಳಾದ ಪಟ್ಟಿ

ಇಂಗ್ಲೆಂಡ್, ೧೭-೧೧-೧೯೫೭

ಅಂಜನಾಪುರದ ಮಾವನವರಿಗೆ ಅಳಿಯ ಲೋಕಪ್ಪನ ನಮಸ್ಕಾರಗಳು.

ಇಲ್ಲೀಗ ನಾಲ್ಕು ಗಂಟೆಗೇ ಹೊತ್ತು ಮುಳುಗುತ್ತದೆ. ನನ್ನ ಕೆಮ್ಮು ಕಡಿಮೆಯಾಗಿದೆ. ದೂರದ ನಕ್ಷತ್ರಲೋಕಗಳು ಹಿಂದೆ ಹೇಗಿದ್ದವು, ಹೇಗೆ ಬದಲಾದವು ಎಂದು ತಿಳಿಯುವುದು ನಮ್ಮ ಕೆಲಸ. ರೇಡಿಯೋ ದೂರದರ್ಶಕಕ್ಕೆ ಆಕಾಶದಲ್ಲಿ ಎಲ್ಲೆಲ್ಲಿಂದ ಸದ್ದು ಸಿಕ್ಕಿದೆ ಎಂದು ನಮ್ಮವರು ಪಟ್ಟಿ ಮಾಡಿದ್ದಾರೆ; ಅಲ್ಲೆಲ್ಲ ಏನಿದೆ ಎಂದು ನಾನು ಗಾಜಿನ ಫೋಟೋಗಳಲ್ಲಿ ಹುಡುಕುತ್ತೇನೆ. ನೆಗೆಟಿವ್ ಆದ್ದರಿಂದ ಆ ಗಾಜಿನಲ್ಲಿ ಆಕಾಶ ಬೆಳ್ಳಗೆ, ನಕ್ಷತ್ರಗಳು ಕರ್ರಗೆ. ಎರಡು ವರ್ಷ ಹುಡುಕಿದರೂ ಬಹಳ ಕಡೆ ಏನೂ ಕಾಣಲಿಲ್ಲ. ನನ್ನ ಕಣ್ಣೇ ಸರಿಯಿಲ್ಲವೆಂದು ಕನ್ನಡಕ ಮಾಡಿಸಿಕೊಂಡೆ. ಮೊನ್ನೆ ಬೇರೆ ದೇಶದವರು ಅದೇ ಆಕಾಶವನ್ನು ಅಳೆದು ಮಾಡಿದ ಪಟ್ಟಿ ಬಂತು. ನಮ್ಮ ಪಟ್ಟಿಯ ಹೆಚ್ಚಿನ ಸದ್ದುಗಳು ಅದರಲ್ಲಿ ಇಲ್ಲವೇ ಇಲ್ಲ; ತಪ್ಪಿದ್ದು ನನ್ನ ಕಣ್ಣಲ್ಲ, ನಮ್ಮ ಪಟ್ಟಿಯೇ. ಪ್ರೊಫೆಸರರು ಮೊದಲಿನಿಂದ ಶುರುಮಾಡು ಎಂದರು. ಇನ್ನೂ ಎರಡು ವರ್ಷ ಬೇಕು.

ಹೊರಟ ದಿನ ಶಿಕಾರಿಪುರದ ಬಸ್ ಸ್ಟ್ಯಾಂಡಿನಲ್ಲಿ ನಿಮ್ಮ ಮಗಳು ಹೂವಮ್ಮ, “ಮೂರನೇ ಯುಗಾದಿಗೆ ಮನ್ಯಾಗ ಇರಬೇಕು ನೋಡ್ರಿ” ಅಂದಿದ್ದಳು. ಬರುವ ಯುಗಾದಿಯೇ ಮೂರನೆಯದು, ಅದಕ್ಕೆ ನಾನು ಬರುವುದಿಲ್ಲ. ಕಾಯುತ್ತಿರು ಎಂದು ಹೇಳಲು ಮುಖವಿಲ್ಲ, ಕಾಯಬೇಡ ಎನ್ನಲು ಮನಸ್ಸು ಬಾರದು. ದಯವಿಟ್ಟು ಇದನ್ನು ನೀವು ಓದಿ ಹೇಳಬೇಡಿ, ಅವಳ ಕೈಗೇ ಕೊಟ್ಟುಬಿಡಿ, ಅವಳೇ ಓದಿಕೊಳ್ಳಲಿ.

ಕಾಗದದಲ್ಲಿ ಜಾಗ ಮುಗಿಯಿತು.
ಲೋಕಪ್ಪ